ಆಡೂ ಮುಟ್ಟದ ಸೊಪ್ಪು: ಕಣಗಿಲೆಯನ್ನು ಕಡಿಯಬೇಡಿ, ಗುರುತಿಸಿ

ವರ್ಷಕ್ಕೆ ಒಂದೆರಡು ಸಲ ನಮ್ಮೆಲ್ಲರ ವಾಟ್ಸಾಪ್‌ಗೆ ಒಂದು ಸಂದೇಶ ಬರುತ್ತದೆ. ಕೆಂಪು ಅಕ್ಷರ, ಪಕ್ಕದಲ್ಲಿ ತಲೆಬುರುಡೆ ಚಿತ್ರ. 'ನಿಮ್ಮ ಮನೆ ಮುಂದೆ ಈ ಗಿಡ ಇದ್ದರೆ ಇಂದೇ ಕಿತ್ತು ಹಾಕಿ, ಹತ್ತು ಜನಕ್ಕೆ ಕಳಿಸಿ' ಎಂದಿರುತ್ತದೆ. ಕೆಳಗೆ ಕಣಗಿಲೆ ಹೂವಿನ ಫೋಟೊ. ಕೆಲವು ಸಲ ಫೋಟೊ ಕಣಗಿಲೆಯದೂ ಆಗಿರುವುದಿಲ್ಲ, ದೇವಕಣಗಿಲೆಯದು ಇರುತ್ತದೆ.

ಇನ್ನೊಂದು ಸಂದೇಶವೂ ಬರುತ್ತದೆ. ಅದರಲ್ಲಿ ಅದೇ ಕಣಗಿಲೆ ಮಂಡಿ ನೋವಿಗೆ, ಚರ್ಮರೋಗಕ್ಕೆ, ಸಕ್ಕರೆ ಕಾಯಿಲೆಗೆ ರಾಮಬಾಣ. ಎಷ್ಟು ಎಲೆ, ಎಷ್ಟು ಲೋಟ ನೀರು ಅಂತ ಲೆಕ್ಕವನ್ನೂ ಕೊಟ್ಟಿರುತ್ತಾರೆ.

ಎರಡನ್ನೂ ಒಂದೇ ಮನೆಯವರು, ಒಂದೇ ವಾರದಲ್ಲಿ ಮುಂದಕ್ಕೆ ಕಳಿಸಿರುತ್ತಾರೆ. ನನ್ನ ಪ್ರಕಾರ ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯ. ಮೊದಲನೆಯದರಿಂದಲೂ ಉಪಯೋಗವಿಲ್ಲ. ಗಿಡ ಕಿತ್ತು ಹಾಕಿ ಎನ್ನುವವರು, ಕಿತ್ತ ಗಿಡವನ್ನು ಎಲ್ಲಿ ಹಾಕಬೇಕು ಎಂದು ಹೇಳುವುದಿಲ್ಲ. ಕಣಗಿಲೆಯ ವಿಷಯದಲ್ಲಿ ನಿಜವಾದ ಅಪಾಯ ಇರುವುದು ಅಲ್ಲೇ. ಅದನ್ನು ಮುಂದೆ ಹೇಳುತ್ತೇನೆ.

ನಾನು ಹೇಳಬೇಕಾದ್ದು ಇಷ್ಟು: ಕಣಗಿಲೆ ವಿಷ ನಿಜ, ಸಣ್ಣ ವಿಷವಲ್ಲ. ಆದರೆ ನಮ್ಮ ಬಯಲುಸೀಮೆಯ ಬಿಸಿಲಿಗೆ, ಮಳೆ ಕೈಕೊಟ್ಟ ವರ್ಷಕ್ಕೆ ಇಷ್ಟು ಒಗ್ಗಿದ ಹೂಗಿಡ ಇನ್ನೊಂದು ಸಿಗುವುದು ಕಷ್ಟ. ಹೆದರಿ ಕಡಿಯುವುದರ ಬದಲು ಗುರುತಿಸಿ, ಸರಿಯಾದ ಜಾಗದಲ್ಲಿ ಬೆಳೆಸಿ, ತಪ್ಪು ಜಾಗದಿಂದ ತೆಗೆಯೋಣ. ಅಂಗನವಾಡಿ ಅಂಗಳ ತಪ್ಪು ಜಾಗ. ದನದ ಕೊಟ್ಟಿಗೆ ಪಕ್ಕ ತಪ್ಪು ಜಾಗ. ಬಾವಿಕಟ್ಟೆ ತಪ್ಪು ಜಾಗ. ಉಳಿದ ಕಡೆ ಅದು ಇರಲಿ.

ಹೆಸರು ಒಂದು, ಗಿಡ ನಾಲ್ಕು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕನ್ನಡದಲ್ಲಿ 'ಕಣಗಿಲೆ' ಎನ್ನುವ ಹೆಸರು ಕನಿಷ್ಠ ನಾಲ್ಕು ಗಿಡಗಳಿಗೆ ಅಂಟಿಕೊಂಡಿದೆ. ನಾಲ್ಕೂ ಒಂದೇ ಸಸ್ಯಕುಟುಂಬದವು. ಆದರೆ ಗುಣ ಬೇರೆ ಬೇರೆ.

ಒಂದು, ಬರೀ ಕಣಗಿಲೆ. ಕಣಗಲು, ಕಣಗಲ ಅಂತಲೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಕರವೀರ. ಆಂಧ್ರದ ಗಡಿ ಕಡೆ ಹೋದರೆ ಗನ್ನೇರು. ವಿಜ್ಞಾನಿಗಳ ಹೆಸರು ನೀರಿಯಂ ಒಲಿಯಾಂಡರ್. ಇದೇ ಇವತ್ತಿನ ಮಾತಿನ ಮುಖ್ಯ ಗಿಡ.

ಎರಡು, ಹಳದಿ ಕಣಗಿಲೆ. ಗಂಟೆಯಾಕಾರದ ಹಳದಿ ಹೂ ಬಿಡುತ್ತದೆ. ಇದು ಮೆಕ್ಸಿಕೊ, ಮಧ್ಯ ಅಮೆರಿಕದಿಂದ ಬಂದ ಗಿಡ. ಇದೂ ಕಣಗಿಲೆಯಷ್ಟೇ ವಿಷ. ಇದರ ಬೀಜ ಇನ್ನೂ ಅಪಾಯ.

ಮೂರು, ದೇವಕಣಗಿಲೆ. ಗುಡಿಗಳ ಮುಂದೆ ಬೆಳೆಯುವ, ದಪ್ಪ ಕೊಂಬೆಯ, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮರ. ಬಿಳಿ ಹೂವಿನ ನಡುವೆ ಹಳದಿ ಬಣ್ಣ, ಒಳ್ಳೆಯ ವಾಸನೆ. ಇದರ ಹಾಲು ಚರ್ಮಕ್ಕೆ ತಾಗಿದರೆ ಉರಿಯಬಹುದು. ಆದರೆ ಇದು ಕಣಗಿಲೆ ಅಲ್ಲ.

ನಾಲ್ಕು, ಕಾಶಿ ಕಣಗಿಲೆ. ಅದೇ ನಿತ್ಯಪುಷ್ಪ, ಸದಾಪುಷ್ಪ. ಮೊಣಕಾಲೆತ್ತರದ ಪುಟ್ಟ ಗಿಡ, ಗುಲಾಬಿ ಅಥವಾ ಬಿಳಿ ಬಣ್ಣದ ಐದೆಸಳಿನ ಹೂ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಸಿಗುವುದು ಈ ಗಿಡದಿಂದ.

ಈಗ ಅಪಾಯ ಎಲ್ಲಿದೆ ನೋಡಿ. ಸಕ್ಕರೆ ಕಾಯಿಲೆಗೆ ನಿತ್ಯಪುಷ್ಪದ ಎಲೆ ಕಷಾಯ ಕುಡಿಯುವ ರೂಢಿ ಹಳ್ಳಿಗಳಲ್ಲಿ ಇದೆ. ವೈದ್ಯರನ್ನು ಕೇಳದೆ ಅದನ್ನು ಕುಡಿಯುವುದೇ ಸರಿಯಲ್ಲ. ಅದರ ಮೇಲೆ ಯಾರೋ ಫೋನಿನಲ್ಲಿ 'ಕಾಶಿ ಕಣಗಿಲೆ ಎಲೆ ಕುದಿಸಿ ಕುಡಿ' ಎನ್ನುತ್ತಾರೆ, ಕೇಳಿಸಿಕೊಂಡವರಿಗೆ 'ಕಣಗಿಲೆ ಎಲೆ' ಅಷ್ಟೇ ನೆನಪಿರುತ್ತದೆ. ಬೇಲಿಯ ಕಣಗಿಲೆ ಎಲೆ ಕಿತ್ತು ಕುದಿಸಿದರೆ ಮುಗಿಯಿತು. ಕುದಿಸಿದರೆ ಈ ವಿಷ ಹೋಗುವುದಿಲ್ಲ. ಕಷಾಯ ಎಂದರೆ ಎಲೆಯಲ್ಲಿದ್ದ ವಿಷವನ್ನು ನೀರಿಗೆ ಇಳಿಸಿಕೊಂಡಂತೆ. 'ಕಾಶಿ' ಎಂಬ ಎರಡಕ್ಷರ ಮರೆತದ್ದಕ್ಕೆ ಒಂದು ಜೀವ ಹೋಗಬಹುದು.

ಇನ್ನೊಂದು ಗೊಂದಲ ಕೇರಳ, ತಮಿಳುನಾಡಿನ ಸುದ್ದಿ ಓದುವಾಗ ಆಗುತ್ತದೆ. ಮಲಯಾಳ ಮತ್ತು ತಮಿಳಿನಲ್ಲಿ ಕಣಗಿಲೆಗೆ 'ಅರಳಿ' ಎನ್ನುತ್ತಾರೆ. ನಮಗೆ ಅರಳಿ ಎಂದರೆ ಅಶ್ವತ್ಥ, ಊರ ಮುಂದಿನ ಕಟ್ಟೆ ಮೇಲಿನ ಮರ. 'ದೇವಸ್ಥಾನದಲ್ಲಿ ಅರಳಿ ಹೂವಿಗೆ ನಿಷೇಧ' ಅಂತ ತಲೆಬರಹ ನೋಡಿದರೆ ನಮ್ಮ ಅರಳಿಕಟ್ಟೆಗೆ ಏನಾಯಿತಪ್ಪಾ ಅನ್ನಿಸುತ್ತದೆ. ಅಲ್ಲಿ ಹೇಳಿದ್ದು ಕಣಗಿಲೆಯನ್ನು.

ಗುರುತು ಹಿಡಿಯುವುದು ಹೇಗೆ

ಕಣಗಿಲೆಯನ್ನು ಹೂ ನೋಡಿ ಗುರುತಿಸಬೇಡಿ, ಎಲೆ ನೋಡಿ ಗುರುತಿಸಿ. ಹೂ ಇಲ್ಲದ ಕಾಲದಲ್ಲೂ ವಿಷ ಇದ್ದೇ ಇರುತ್ತದೆ.

ಎಲೆ ಉದ್ದ, ಕಿರಿದು, ಈಟಿಯ ಮೊನೆಯ ಹಾಗೆ ತುದಿ ಚೂಪು. ಒಂದು ಗೇಣಿನ ಆಸುಪಾಸು, ಅಂದರೆ 10ರಿಂದ 20 ಸೆಂಟಿಮೀಟರ್. ಮುಟ್ಟಿದರೆ ಚರ್ಮದ ಹಾಗೆ ದಪ್ಪ. ನಡುವೆ ಬೆಳ್ಳಗಿನ ದಪ್ಪ ನರ, ಅದರಿಂದ ಎರಡೂ ಕಡೆಗೆ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಸಣ್ಣ ನರಗಳು. ಎಲ್ಲಕ್ಕಿಂತ ಮುಖ್ಯ ಗುರುತು: ಕಾಂಡದ ಒಂದು ಗೆಣ್ಣಿನಿಂದ ಸಾಮಾನ್ಯವಾಗಿ ಮೂರು ಎಲೆ ಒಟ್ಟಿಗೆ ಹೊರಡುತ್ತವೆ. ಮೂರು, ಮತ್ತೆ ಮೂರು, ಮತ್ತೆ ಮೂರು. ಮಕ್ಕಳಿಗೆ ಇದನ್ನೇ ಕಲಿಸಿ.

ಹೂ ಗೊಂಚಲು ಗೊಂಚಲಾಗಿ ಕೊಂಬೆಯ ತುದಿಯಲ್ಲಿ ಬರುತ್ತದೆ. ಐದು ಎಸಳು. ಗುಲಾಬಿ, ಬಿಳಿ, ಕೆಂಪು ಬಣ್ಣ ಸಾಮಾನ್ಯ. ಹೂವಿನ ಗಂಟಲಲ್ಲಿ ಹರಿದ ಅಂಚಿನ ಜಾಲರಿಯಂಥ ಎಳೆಗಳು ಇರುತ್ತವೆ. ಮುದ್ದೆ ಮುದ್ದೆಯಾಗಿ ಬಿಡುವ ಗುಲಾಬಿ ಬಣ್ಣದ ಸುತ್ತುಕಣಗಿಲೆಯೂ ಇದೆ. ಕಾಯಿ ಉದ್ದನೆಯ ಜೋಡಿ ಕೋಡು, ಒಣಗಿ ಸೀಳಿದಾಗ ರೇಷ್ಮೆಯಂಥ ಕೂದಲಿನ ಬೀಜ ಗಾಳಿಗೆ ಹಾರುತ್ತದೆ.

ಹಳದಿ ಕಣಗಿಲೆಯ ಎಲೆ ಇನ್ನೂ ಕಿರಿದು, ಹುಲ್ಲಿನ ಗರಿಯಂತೆ, ಹೊಳಪು ಹೆಚ್ಚು. ಇದರಲ್ಲಿ ಮೂರರ ಲೆಕ್ಕ ಇಲ್ಲ, ಒಂದೊಂದೇ ಎಲೆ ಕೊಂಬೆಯ ಸುತ್ತ ಸುತ್ತಿಕೊಂಡು ಬರುತ್ತದೆ. ಎಲೆ ಚಿವುಟಿದರೆ ಹಾಲು ಒಸರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಈ ಗಿಡಕ್ಕೇ ಹೇಳಿದಂತಿದೆ. ಕಾಯಿ ಹಸಿರು, ಮೂಲೆ ಮೂಲೆಯಾಗಿ ಉಬ್ಬಿದ್ದು, ಹಣ್ಣಾದಾಗ ಕಪ್ಪಾಗುತ್ತದೆ. ಒಳಗೆ ಗಟ್ಟಿ ಓಟೆ. ಅದರೊಳಗಿನ ಬೀಜವೇ ಗಿಡದ ಅತ್ಯಂತ ವಿಷದ ಭಾಗಗಳಲ್ಲಿ ಒಂದು. ಮಕ್ಕಳು ಈ ಓಟೆಯನ್ನು ಗೋಲಿಯ ಹಾಗೆ, ಗಜ್ಜುಗದ ಹಾಗೆ ಆಟಕ್ಕೆ ಬಳಸುತ್ತವೆ. ಆಟ ನೋಡಲು ಚೆಂದ. ಆದರೆ ಕಲ್ಲಲ್ಲಿ ಕುಟ್ಟಿ ಒಳಗೆ ಏನಿದೆ ನೋಡೋಣ ಅಂತ ಹೊರಡುವುದೂ ಮಕ್ಕಳೇ.

ಒಳಗೆ ಹೋದರೆ ಏನಾಗುತ್ತದೆ

ಕಣಗಿಲೆಯಲ್ಲಿ ಒಲಿಯಾಂಡ್ರಿನ್ ಮುಂತಾದ ವಿಷಗಳಿವೆ. ಇವು ನೇರ ಹೃದಯಕ್ಕೆ ಕೈ ಹಾಕುತ್ತವೆ. ಹೃದಯದ ಒಂದೊಂದು ಕಣದಲ್ಲೂ ಸಣ್ಣ ಪಂಪ್ ಇದೆ ಅಂದುಕೊಳ್ಳಿ. ಅದು ಸೋಡಿಯಂ ಹೊರಗೆ ಹಾಕಿ ಪೊಟ್ಯಾಶಿಯಂ ಒಳಗೆ ಎಳೆಯುತ್ತದೆ. ಈ ವಿಷ ಆ ಪಂಪನ್ನು ನಿಲ್ಲಿಸುತ್ತದೆ. ಲೆಕ್ಕ ತಪ್ಪಿದ ಹೃದಯ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ, ಕೊನೆಗೆ ನಿಂತೂ ಹೋಗಬಹುದು.

ಹೃದಯದ ತೊಂದರೆ ಇರುವ ಕೆಲವು ಹಿರಿಯರಿಗೆ ಡಿಗಾಕ್ಸಿನ್ ಎಂಬ ಮಾತ್ರೆ ಕೊಡುತ್ತಾರೆ. ಅದು ಯುರೋಪಿನ ಡಿಜಿಟಾಲಿಸ್ ಎಂಬ ಇನ್ನೊಂದು ಚೆಂದದ ವಿಷದ ಹೂಗಿಡದಿಂದ ಬಂದ ಔಷಧಿ. ಇದೂ ಅದೂ ಒಂದೇ ಜಾತಿಯ ರಾಸಾಯನಿಕ. ಮಾತ್ರೆಯಲ್ಲಿ ಅಳತೆ ಇರುತ್ತದೆ, ವೈದ್ಯರು ರಕ್ತ ನೋಡಿ ಕೊಡುತ್ತಾರೆ. ಬೇಲಿಯ ಎಲೆಯಲ್ಲಿ ಎಷ್ಟಿದೆ ಎಂದು ಹೇಳುವವರು ಯಾರೂ ಇಲ್ಲ. ಒಂದು ಗಿಡಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. ಈ ಮಾತ್ರೆ ತೆಗೆದುಕೊಳ್ಳುವ ಹಿರಿಯರಂತೂ ಕಣಗಿಲೆ ಸೇರಿದ ಯಾವ ಮನೆಮದ್ದನ್ನೂ ಬಾಯಿಗೆ ಹಾಕಲೇಬಾರದು.

ಆಯುರ್ವೇದದಲ್ಲಿ ಕರವೀರ ಇದೆಯಲ್ಲ ಎಂದು ಕೇಳುವವರು ಇದ್ದಾರೆ. ಇದೆ. ಆದರೆ ಆಯುರ್ವೇದವೇ ಇದನ್ನು 'ಉಪವಿಷ'ಗಳ ಸಾಲಿನಲ್ಲಿ ಇಟ್ಟಿದೆ, ಶೋಧನೆ ಮಾಡದೆ ಬಳಸಬಾರದು ಎಂದಿದೆ. ನಮ್ಮ ದೇಶದ ಔಷಧಿ ನಿಯಮಗಳ ಷೆಡ್ಯೂಲ್ ಇ(1) ಎಂಬ ವಿಷದ್ರವ್ಯಗಳ ಪಟ್ಟಿಯಲ್ಲೂ ಕರವೀರದ ಹೆಸರಿದೆ. ಅಂಥ ಔಷಧಿಯನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಶಾಸ್ತ್ರ ಓದಿದವರೇ ಇಷ್ಟು ಹುಷಾರಾಗಿರುವಾಗ ವಾಟ್ಸಾಪ್ ವೈದ್ಯರ ಧೈರ್ಯಕ್ಕೆ ಏನು ಹೇಳುವುದು?

ತಿಂದವರಿಗೆ ಮೊದಲು ವಾಂತಿ, ಹೊಟ್ಟೆನೋವು, ಭೇದಿ, ತಲೆಸುತ್ತು ಬರಬಹುದು. ಆಮೇಲೆ ನಾಡಿ ನಿಧಾನ ಆಗುತ್ತದೆ, ಏರುಪೇರಾಗುತ್ತದೆ. ಮೋಸ ಎಲ್ಲಿದೆ ಎಂದರೆ, ಕೆಲವು ಸಲ ಮೊದಲ ಕೆಲವು ಗಂಟೆ ಆರಾಮಾಗೇ ಇದ್ದಂತೆ ಕಾಣುತ್ತಾರೆ. 'ವಾಂತಿ ಆಯ್ತು, ಎಲ್ಲ ಹೊರಗೆ ಬಂತು' ಎಂದು ಮನೆಯಲ್ಲೇ ಮಲಗಿಸಿದರೆ ರಾತ್ರಿ ಹೃದಯ ಕೈಕೊಡಬಹುದು.

ಕೇರಳದಿಂದ ಏನು ಕಲಿಯಬೇಕು

2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರು ತೀರಿಕೊಂಡರು. ಕಣಗಿಲೆಯ ಎಲೆ, ಹೂ ಜಗಿದದ್ದೇ ಕಾರಣ ಇರಬಹುದೆಂಬ ಶಂಕೆ ಎದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಸ್ಥಾನಗಳಲ್ಲಿ ನೈವೇದ್ಯ, ಪ್ರಸಾದಗಳಿಗೆ ಕಣಗಿಲೆ ಹೂ ಬಳಸುವುದನ್ನು ನಿಲ್ಲಿಸಿದವು. ಎರಡೂ ಮಂಡಳಿ ಸೇರಿದರೆ ಎರಡು ಸಾವಿರಕ್ಕೂ ಹೆಚ್ಚು ದೇವಸ್ಥಾನಗಳು.

ಆ ತೀರ್ಮಾನದಲ್ಲಿ ನನಗೆ ಹಿಡಿಸಿದ್ದು ಅದರ ಅಳತೆ. ಗಿಡ ಕಡಿಯಿರಿ ಎಂದು ಅವರು ಹೇಳಲಿಲ್ಲ. ದೇವರಿಗೆ ಏರಿಸಲೇಬಾರದು ಎಂದೂ ಹೇಳಲಿಲ್ಲ. ಭಕ್ತರ ಬಾಯಿಗೆ ಹೋಗುವ ವಸ್ತುವಿನ ಜೊತೆ ಸೇರಬಾರದು ಎಂದರು. ಎಲ್ಲಿ ಅಪಾಯ ಇದೆಯೋ ಅಲ್ಲಿ ಮಾತ್ರ ಗೆರೆ ಎಳೆದರು.

ನಮ್ಮಲ್ಲೂ ಶಿವಪೂಜೆಗೆ, ಲಿಂಗಪೂಜೆಗೆ ಕಣಗಿಲೆ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಬೆಳಗ್ಗೆ ಎದ್ದು ಬುಟ್ಟಿ ಹಿಡಿದು ಕಣಗಿಲೆ ಬಿಡಿಸುವ ಅಜ್ಜಿಯರು ಈಗಲೂ ಇದ್ದಾರೆ. ಅದನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಆದರೆ ತೀರ್ಥದ ಪಾತ್ರೆಯಲ್ಲಿ ಕಣಗಿಲೆ ಎಸಳು ತೇಲಬಾರದು. ಪ್ರಸಾದದ ಎಲೆಯಲ್ಲಿ ಕೊಬ್ಬರಿ, ಬಾಳೆಹಣ್ಣಿನ ಜೊತೆ ಕಣಗಿಲೆ ಇಟ್ಟು ಮಕ್ಕಳ ಕೈಗೆ ಕೊಡಬಾರದು. ಪೂಜಾರಿಗಳ ಜೊತೆ ಮಾತಾಡಿದರೆ ಮುಗಿಯುವ ವಿಷಯ ಇದು. ತೀರ್ಥಕ್ಕೆ ತುಳಸಿ, ಪತ್ರೆ ಇದ್ದೇ ಇವೆ.

ಆಡು ಮುಟ್ಟದ ಸೊಪ್ಪು, ಒಣಗಿದರೆ ಮುಟ್ಟುತ್ತದೆ

'ಆಡು ಮುಟ್ಟದ ಸೊಪ್ಪಿಲ್ಲ' ಎನ್ನುತ್ತೇವೆ. ಆದರೆ ಹಸಿ ಕಣಗಿಲೆಯನ್ನು ಆಡೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಷ್ಟು ಕಹಿ. ರಾಷ್ಟ್ರೀಯ ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಸಾಲಾಗಿ ಕಣಗಿಲೆ ನೆಡಲು ಇದೂ ಒಂದು ಕಾರಣ. ದನ ಮೇಯುವುದಿಲ್ಲ, ಹೊಗೆ ಧೂಳು ತಡೆಯುತ್ತದೆ, ನೀರು ಕಡಿಮೆ ಸಾಕು, ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯದಂತೆ ಮರೆಯಾಗುತ್ತದೆ.

ಅಪಾಯ ಶುರುವಾಗುವುದು ಗಿಡ ಕತ್ತರಿಸಿದ ಮೇಲೆ. ಕತ್ತರಿಸಿದ ಕೊಂಬೆ ಎರಡು ಮೂರು ದಿನ ಬಿಸಿಲಿಗೆ ಬಿದ್ದು ಬಾಡಿದರೆ ದನಕರುಗಳಿಗೆ ಅದರ ಕಹಿ ಅಷ್ಟಾಗಿ ಗೊತ್ತಾಗುವುದಿಲ್ಲ. ವಿಷ ಮಾತ್ರ ಹಾಗೇ ಉಳಿದಿರುತ್ತದೆ. ಒಣಗಿದ ಎಲೆ ಮೇವಿನಲ್ಲಿ ಸೇರಿದರೆ ಆರಿಸಿ ತಿನ್ನಲು ಹಸುವಿಗೆ ಆಗುವುದಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಹೋದರಂತೂ ಗುರುತೇ ಸಿಗುವುದಿಲ್ಲ. ದೊಡ್ಡ ಹಸುವಿಗೂ ಒಂದು ಹಿಡಿ ಎಲೆ ಜೀವಕ್ಕೆ ಕುತ್ತು.

ಮೊದಲು ದನ ಕಾಯುವ ಅಜ್ಜ ಯಾವ ಸೊಪ್ಪು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬಲ್ಲವನಾಗಿದ್ದ. ಈಗ ದನ ಕೊಟ್ಟಿಗೆಯಲ್ಲೇ ಕಟ್ಟಿರುತ್ತವೆ, ಮೇವು ಎಲ್ಲಿಂದಲೋ ಬರುತ್ತದೆ. ಹೆದ್ದಾರಿ ಗಿಡ ಕತ್ತರಿಸುವವರು ಗುತ್ತಿಗೆಯ ಕೆಲಸಗಾರರು, ಅವರಿಗೆ ನಮ್ಮ ಊರಿನ ದನ ಯಾವ ಕಡೆ ಮೇಯುತ್ತವೆ ಗೊತ್ತಿಲ್ಲ. ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ಅಂಗಳ ಚೊಕ್ಕ ಮಾಡಿ, ಕತ್ತರಿಸಿದ ಕೊಂಬೆಯನ್ನು ಕಾಂಪೌಂಡಿನ ಆಚೆ ಎಸೆಯುತ್ತಾರೆ. ಆಚೆ ಕಡೆ ಯಾರದೋ ಮೇಕೆ ಇರುತ್ತದೆ.

ಒಂದು ಹಸು ಸತ್ತರೆ ಒಂದು ಮನೆಯ ಹಾಲಿನ ಡೇರಿ ಪಾಸ್‌ಬುಕ್ ಖಾಲಿ. ಅದರ ಸಾಲದ ಕಂತು ಮಾತ್ರ ಸಾಯುವುದಿಲ್ಲ.

'ನಮ್ಮಜ್ಜಿ ಕಾಲದಿಂದ ಮನೆ ಮುಂದೆ ಇದೆ, ಯಾರಿಗೂ ಏನೂ ಆಗಿಲ್ಲ' ಎಂದು ಹಲವರು ಹೇಳುತ್ತಾರೆ. ಸರಿ. ಆದರೆ ಅಜ್ಜಿಗೆ ಆ ಗಿಡ ಗೊತ್ತಿತ್ತು. ಹೂ ಬಿಡಿಸಿ ಕೈ ತೊಳೆಯುತ್ತಿದ್ದಳು, ಮಗು ಬಾಯಿಗೆ ಹಾಕಿದರೆ ಗದರುತ್ತಿದ್ದಳು, ಕಡಿದ ಕೊಂಬೆಯನ್ನು ಕೊಟ್ಟಿಗೆ ಕಡೆ ತರುತ್ತಿರಲಿಲ್ಲ. ಗಿಡ ನಮ್ಮ ತಲೆಮಾರಿಗೂ ಬಂದಿದೆ. ಅಜ್ಜಿಯ ತಿಳಿವಳಿಕೆ ಮಾತ್ರ ಬರಲಿಲ್ಲ. ಅದನ್ನು ಬರೆದಿಡುವ ಕೆಲಸ ಈಗ ನಮ್ಮದು.

ಬೆಳೆಸುವುದಾದರೆ ಹೀಗೆ ಬೆಳೆಸಿ

ಎರಡನೇ ಮಹಾಯುದ್ಧದಲ್ಲಿ, 1945ರಲ್ಲಿ, ಜಪಾನಿನ ಹಿರೋಶಿಮಾ ಮೇಲೆ ಅಣುಬಾಂಬ್ ಬಿದ್ದ ನಂತರ ಅಲ್ಲಿ ಮೊದಲು ಅರಳಿದ ಹೂಗಳಲ್ಲಿ ಕಣಗಿಲೆಯೂ ಒಂದು ಎನ್ನುತ್ತಾರೆ. ಇವತ್ತು ಅದು ಆ ನಗರದ ಅಧಿಕೃತ ಹೂ. ಅಷ್ಟು ಗಟ್ಟಿ ಗಿಡ. ಇದರ ಎಲೆಯ ಕೆಳಭಾಗದಲ್ಲಿ ಸಣ್ಣ ಸಣ್ಣ ಗುಳಿಗಳಿವೆ, ಉಸಿರಾಡುವ ರಂಧ್ರಗಳು ಆ ಗುಳಿಯೊಳಗೆ ಅಡಗಿರುತ್ತವೆ. ಹಾಗಾಗಿ ಬಿಸಿಗಾಳಿಗೆ ನೀರು ಬೇಗ ಆರುವುದಿಲ್ಲ. ಬೋರ್‌ವೆಲ್ ಬತ್ತಿದ ಊರಲ್ಲೂ ಇದು ಹಸಿರಾಗಿ ನಿಂತು ಹೂ ಬಿಡುವ ಗುಟ್ಟು ಇದು.

ಬೆಳೆಸುವುದು ಸುಲಭ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ಪೂರ್ತಿ ಬಲಿಯದ, ಪೂರ್ತಿ ಎಳೆಯದೂ ಅಲ್ಲದ ಕೊಂಬೆ ಆರಿಸಿ. 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ಮರಳು ಬೆರೆತ ಮಣ್ಣಿನಲ್ಲಿ ಅರ್ಧದಷ್ಟು ಹೂತು ನೆರಳಲ್ಲಿಡಿ. ತಿಂಗಳೊಳಗೆ ಸಾಮಾನ್ಯವಾಗಿ ಬೇರು ಬಿಡುತ್ತದೆ. ನೀರಿನ ಬಾಟಲಿಯಲ್ಲೂ ಬೇರು ಬರಿಸುತ್ತಾರೆ. ಆದರೆ ಆ ನೀರೂ ವಿಷವೇ, ಕುಡಿಯುವ ನೀರಿನ ಬಾಟಲಿ ಬಳಸಿ ಅಡುಗೆಮನೆ ಕಿಟಕಿಯಲ್ಲಿ ಇಡಬೇಡಿ.

ನೆಡುವ ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನೀರು ನಿಲ್ಲಬಾರದು. ಗಿಡದಿಂದ ಗಿಡಕ್ಕೆ ಐದಾರು ಅಡಿ ಅಂತರ ಬಿಡಿ. ಮೊದಲ ವರ್ಷ ವಾರಕ್ಕೊಮ್ಮೆ ನೀರು, ಆಮೇಲೆ ಕಡಿಮೆ ಸಾಕು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಒಂದು ಸುತ್ತು ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಗಿಡ ಪೊದೆಯಾಗಿ ಹೆಚ್ಚು ಹೂ ಕೊಡುತ್ತದೆ.

ಎಳೆ ತುದಿಯಲ್ಲಿ ಹಳದಿ ಹೇನು ಮುತ್ತಿಕೊಂಡರೆ ನೀರು ಜೋರಾಗಿ ಹೊಡೆಯಿರಿ, ಹೋಗದಿದ್ದರೆ ಬೇವಿನೆಣ್ಣೆ ಸಿಂಪಡಿಸಿ. ಎಲೆಯ ಕೆಳಗೆ ಕನ್ನಡಿಯಂತೆ ಬೆಳ್ಳಿ ಬಣ್ಣದಲ್ಲಿ ಹೊಳೆಯುವ ಗೂಡು ನೇತಾಡುತ್ತಿದ್ದರೆ ಅದನ್ನು ಬಿಡಿ. ಅದು ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯ ಗೂಡು. ಅದರ ಹುಳು ಕಣಗಿಲೆ ಎಲೆ ತಿಂದೇ ಬೆಳೆಯುತ್ತದೆ. ಹೀಗೆ ಬೆಳೆದ ಚಿಟ್ಟೆ ಹಕ್ಕಿಗಳ ಬಾಯಿಗೆ ರುಚಿಸುವುದಿಲ್ಲ. ನಮಗೆ ವಿಷವಾದದ್ದು ಅದಕ್ಕೆ ಊಟ, ಜೊತೆಗೆ ರಕ್ಷಣೆ.

ಈಗ ನಿಯಮಗಳು. ಇವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

- ಕತ್ತರಿಸುವಾಗ ಕೈಗೆ ಗವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿ. ರಸ ಕಣ್ಣಿಗೆ ತಾಗಬಾರದು. ಕೆಲಸ ಮುಗಿದ ಮೇಲೆ ಕೈ, ಕತ್ತರಿ ಎರಡನ್ನೂ ಸೋಪಿನಿಂದ ತೊಳೆಯಿರಿ.
- ಕತ್ತರಿಸಿದ ಕೊಂಬೆಯನ್ನು ಅದೇ ದಿನ ಆಳದ ಗುಂಡಿಯಲ್ಲಿ ಹೂಳಿ. ತಿಪ್ಪೆಗೆ, ರಸ್ತೆ ಬದಿಗೆ ಎಸೆಯಬೇಡಿ.
- ಸುಡಬೇಡಿ. ಹೊಗೆಯೂ ವಿಷ. ಒಲೆಗೆ, ನೀರು ಕಾಯಿಸುವ ಹಂಡೆಗೆ ಈ ಸೌದೆ ಬೇಡ.
- ಹಲ್ಲುಜ್ಜಲು, ಅಡುಗೆ ಕಲಕಲು, ಮಾಂಸ ಅಥವಾ ಜೋಳದ ತೆನೆ ಚುಚ್ಚಿ ಸುಡಲು ಈ ಕಡ್ಡಿ ಬಳಸಬೇಡಿ.
- ಬಾವಿ, ನೀರಿನ ತೊಟ್ಟಿ, ದನದ ಕಲಗಚ್ಚಿನ ಬಾನಿ, ಮೇವಿನ ಬಣವೆ ಇವುಗಳ ಹತ್ತಿರ ನೆಡಬೇಡಿ. ಎಲೆ ಉದುರಿ ನೀರಿಗೆ ಬೀಳುತ್ತದೆ.
- ಹಳದಿ ಕಣಗಿಲೆ ಇದ್ದರೆ ಕೆಳಗೆ ಬಿದ್ದ ಕಾಯಿಯನ್ನು ಆಗಾಗ ಆರಿಸಿ ಹೂಳಿ.

ಯಾರಾದರೂ ತಿಂದರೆ

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಜ್ಜಿಗೆ, ಹುಣಸೆನೀರು, ಕೋಳಿಮೊಟ್ಟೆ ಯಾವುದೂ ಬೇಡ. ಬಾಯಲ್ಲಿ ಉಳಿದ ಚೂರು ತೆಗೆದು, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ. ಓಡಾಡಿಸಬೇಡಿ. ತಿಂದ ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಕಟ್ಟಿ ಜೊತೆಗೆ ತೆಗೆದುಕೊಂಡು ಹೋಗಿ, ಇಲ್ಲವೇ ಫೋಟೊ ತೆಗೆಯಿರಿ. 'ಏನೋ ಸೊಪ್ಪು ತಿಂದಿದೆ' ಎನ್ನುವುದಕ್ಕೂ 'ಕಣಗಿಲೆ ತಿಂದಿದೆ' ಎನ್ನುವುದಕ್ಕೂ ವೈದ್ಯರಿಗೆ ಬಹಳ ವ್ಯತ್ಯಾಸವಿದೆ.

ಇಸಿಜಿ ಇರುವ ಆಸ್ಪತ್ರೆಗೇ ಹೋಗಿ. ನಾಡಿ ತೀರಾ ಇಳಿದರೆ ಅಟ್ರೊಪಿನ್ ಕೊಡುತ್ತಾರೆ, ಅದೂ ಸಾಲದಿದ್ದರೆ ತಾತ್ಕಾಲಿಕ ಪೇಸ್‌ಮೇಕರ್ ಬೇಕಾಗಬಹುದು. ಆರಾಮಾಗಿ ಕಂಡರೂ ವೈದ್ಯರು ಬಿಡುವ ತನಕ ಮನೆಗೆ ಬರಬೇಡಿ.

ಈ ವಿಷಕ್ಕೆ ಪ್ರತಿವಿಷವೂ ಇದೆ. ಶ್ರೀಲಂಕಾದಲ್ಲಿ ಹಳದಿ ಕಣಗಿಲೆಯ ವಿಷಬಾಧೆ ದೊಡ್ಡ ಸಮಸ್ಯೆ. ಡಿಗಾಕ್ಸಿನ್‌ಗೆಂದು ತಯಾರಿಸಿದ ಪ್ರತಿಕಾಯ ಔಷಧಿ ಇದಕ್ಕೂ ಕೆಲಸ ಮಾಡುತ್ತದೆ ಎಂದು ಅಲ್ಲಿನ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ತೋರಿಸಿತು, 2000ದಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಔಷಧಿ ವಿಪರೀತ ದುಬಾರಿ. ನಮ್ಮ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಅದು ಇರುತ್ತದೆ ಎಂದು ನೆಚ್ಚಿಕೊಂಡು ಕೂರುವಂತಿಲ್ಲ. ಔಷಧಿ ದೂರ ಇರುವ ಊರಿನಲ್ಲಿ ತಿಳಿವಳಿಕೆ ಹತ್ತಿರ ಇರಬೇಕು.

ದನ, ಮೇಕೆ ತಿಂದರೆ ಪಶು ಆಸ್ಪತ್ರೆಗೆ, ಇಲ್ಲವೇ 1962ಕ್ಕೆ ಕರೆ ಮಾಡಿ. ಉಳಿದ ಮೇವನ್ನು ತಕ್ಷಣ ಮುಂದಿನಿಂದ ತೆಗೆಯಿರಿ.

ಊರು ಮಾಡಬಹುದಾದ ನಾಲ್ಕು ಕೆಲಸ

ಇವಕ್ಕೆ ದೊಡ್ಡ ಅನುದಾನ ಬೇಡ, ಸರ್ಕಾರದ ಆದೇಶಕ್ಕೂ ಕಾಯಬೇಕಿಲ್ಲ.

ಒಂದು, ಅಂಗನವಾಡಿ ಮತ್ತು ಕಿರಿಯ ಪ್ರಾಥಮಿಕ ಶಾಲೆಗಳ ಅಂಗಳದಿಂದ ಎರಡೂ ಬಗೆಯ ಕಣಗಿಲೆ ತೆಗೆದು ದಾಸವಾಳ, ಮಲ್ಲಿಗೆ, ಕನಕಾಂಬರ ನೆಡಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು ಅದು. ಕಹಿಗೆ ಎಷ್ಟೋ ಮಕ್ಕಳು ಉಗುಳಿಬಿಡುತ್ತವೆ. ಒಂದು ಮಗು ಉಗುಳದೆ ಇದ್ದರೆ? ವರದಿಗೆಂದು ಸುತ್ತುವಾಗ ಜಾರುಬಂಡೆಯ ಪಕ್ಕದಲ್ಲೇ ಕಣಗಿಲೆ ಬೆಳೆಸಿದ ಅಂಗಳಗಳನ್ನು ನೋಡಿದ್ದೇನೆ. ನೆಟ್ಟವರ ಮನಸ್ಸು ಒಳ್ಳೆಯದೇ, ಜಾಗ ಮಾತ್ರ ಸರಿಯಲ್ಲ.

ಎರಡು, ಪ್ರೌಢಶಾಲೆಗಳಲ್ಲಿ ಗಿಡ ಇರಲಿ, ಪಕ್ಕದಲ್ಲಿ ಬೋರ್ಡು ಇರಲಿ. 'ಕಣಗಿಲೆ. ನೋಡಿ, ತಿನ್ನಬೇಡಿ' ಎಂದು ಬಣ್ಣದಲ್ಲಿ ಬರೆದರೆ ಸಾಕು. ಮೂರೆಲೆಯ ಗುರುತು ಎಣಿಸುವುದು ಒಂದು ಒಳ್ಳೆಯ ವಿಜ್ಞಾನ ಪಾಠ. ಎಸ್‌ಡಿಎಂಸಿ ಸಭೆಯಲ್ಲಿ ಐದು ನಿಮಿಷ ಮಾತಾಡಿದರೆ ಆಗುವ ಕೆಲಸ.

ಮೂರು, ಹೆದ್ದಾರಿ ಪಕ್ಕದ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ, ಗಿಡ ಕತ್ತರಿಸಿದ ದಿನವೇ ಕೊಂಬೆ ಸಾಗಿಸಬೇಕು ಎಂದು ಹೆದ್ದಾರಿ ನಿರ್ವಹಣೆ ಮಾಡುವವರಿಗೆ ಬರೆದು ಕೊಡಲಿ. ಬಾಯಿ ಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು.

ನಾಲ್ಕು, ಆಶಾ ಕಾರ್ಯಕರ್ತೆಯರು, ಹಾಲಿನ ಡೇರಿ ಕಾರ್ಯದರ್ಶಿಗಳು ಹೇಗೂ ಮನೆ ಮನೆ ಬಲ್ಲವರು. ಡೇರಿ ಗೋಡೆಗೆ ಒಂದು ಕಾಗದ ಅಂಟಿಸಿ: ಕಣಗಿಲೆಯ ಚಿತ್ರ, ಕೆಳಗೆ 108 ಮತ್ತು 1962.

ಎಕ್ಕ ವಿಷ, ಉಮ್ಮತ್ತಿ ವಿಷ, ಹರಳುಬೀಜ ವಿಷ. ವಿಷದ ಗಿಡವನ್ನೆಲ್ಲ ಕೀಳುತ್ತಾ ಹೋದರೆ ಊರಲ್ಲಿ ಬೇಲಿಯೇ ಉಳಿಯುವುದಿಲ್ಲ. ವಿಷದ ಗಿಡದ ಜೊತೆ ಬದುಕುವುದು ನಮ್ಮ ಹಿರಿಯರಿಗೆ ಗೊತ್ತಿತ್ತು, ಏಕೆಂದರೆ ಅವರಿಗೆ ಗಿಡದ ಹೆಸರು, ಗುಣ, ಜಾಗ ಮೂರೂ ಗೊತ್ತಿತ್ತು. ಇವತ್ತು ಸಂಜೆ ಬಿಡುವಾದಾಗ ನಿಮ್ಮ ಮನೆ ಮಕ್ಕಳನ್ನು ಕರೆದುಕೊಂಡು ಹೋಗಿ, ಊರಲ್ಲಿ ಎಲ್ಲೆಲ್ಲಿ ಕಣಗಿಲೆ ಇದೆ ಎಂದು ಒಂದು ಸುತ್ತು ನೋಡಿ ಬನ್ನಿ. ಅಂಗನವಾಡಿ ಅಂಗಳದಲ್ಲಿ ಕಂಡರೆ ನಾಳೆಯೇ ಟೀಚರ್ ಜೊತೆ ಮಾತಾಡಿ. ತೆಗೆದ ಗಿಡವನ್ನು ಕಾಂಪೌಂಡಿನ ಆಚೆ ಎಸೆಯದೆ, ಗುಂಡಿ ತೋಡಿ ಹೂಳಿ.